ಒಂಬತ್ತರ ಹುಡುಗಿಗೆ ಯಾವ ಸರಣಿ? ಓದು ಮುಂದೆ ಓಡುತ್ತಿದೆ, ಮನಸ್ಸು ಇನ್ನೂ ಎಳೆಯದು

ಪುಟಗಿವಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಒಂಬತ್ತು ತುಂಬಿದೆ. ಕನ್ನಡವನ್ನೂ ಇಂಗ್ಲಿಷನ್ನೂ ಸರಾಗವಾಗಿ ಓದುತ್ತಾಳೆ. ಅವಳ ವಯಸ್ಸಿನವರಿಗೆಂದು ಅಚ್ಚಾಗುವ ತೆಳ್ಳಗಿನ ಪುಸ್ತಕಗಳನ್ನು ಕುಳಿತಲ್ಲೇ ಮುಗಿಸಿ, "ಇಷ್ಟೇನಾ?" ಎಂದು ಕೇಳುತ್ತಾಳೆ. ಬಿಡಿ ಪುಸ್ತಕಗಳಿಗಿಂತ ಸರಣಿಗಳೇ ಅವಳಿಗೆ ಒಗ್ಗುತ್ತವೆ. ಪಾತ್ರಗಳ ಪರಿಚಯ ಒಮ್ಮೆ ಆಯಿತೆಂದರೆ ಅವರ ಮನೆ, ಜಗಳ, ಅಡ್ಡಹೆಸರುಗಳ ನಡುವೆ ತಿಂಗಳುಗಟ್ಟಲೆ ಇರಲು ಬಯಸುತ್ತಾಳೆ. ಹೊಸ ಪುಸ್ತಕದ ಮೊದಲ ಮೂವತ್ತು ಪುಟಗಳನ್ನು ದಾಟುವಾಗ ಮಾತ್ರ ಗೊಣಗುತ್ತಾಳೆ.

ನನ್ನ ತೊಡಕು ಇರುವುದು ಬೇರೆ ಕಡೆ. ಓದುವ ಶಕ್ತಿ ಹನ್ನೆರಡು ಹದಿಮೂರರ ಮಕ್ಕಳದ್ದು, ಆದರೆ ಮನಸ್ಸು ಒಂಬತ್ತರದ್ದೇ. ಕಥೆಯಲ್ಲಿ ನಾಯಿಯೊಂದು ಕಾಣಿಸಿಕೊಂಡರೆ ಸಾಕು, ಆ ಪುಟದಲ್ಲಿ ಬೆರಳಿಟ್ಟುಕೊಂಡೇ ಕೊನೆಯ ಅಧ್ಯಾಯವನ್ನು ತಿರುವಿ, ಅಲ್ಲಿ ನಾಯಿಯ ಹೆಸರು ಸಿಗುತ್ತದೆಯೇ ಎಂದು ಹುಡುಕಿ, ಸಿಕ್ಕ ಮೇಲಷ್ಟೇ ಹಿಂದಕ್ಕೆ ಬಂದು ಓದನ್ನು ಮುಂದುವರಿಸುತ್ತಾಳೆ. ಹ್ಯಾರಿ ಪಾಟರ್ ಸರಣಿಯ ಮೊದಲ ಮೂರು ಪುಸ್ತಕಗಳನ್ನು ಬಹಳ ಖುಷಿಯಿಂದ ಓದಿದಳು. ನಾಲ್ಕನೆಯದನ್ನು ನಾನು ಮೊದಲು ಓದಿ ನೋಡಿದೆ, ಸದ್ಯಕ್ಕೆ ಎತ್ತಿಟ್ಟಿದ್ದೇನೆ. ಅದು ಎಲ್ಲಿದೆ ಎಂಬುದು ಅವಳಿಗೂ ಗೊತ್ತಿದೆ.

ಹೀಗಾಗಿ ಭಾಷೆ ತುಸು ಸವಾಲೊಡ್ಡುವಂತಿದ್ದು, ಕತ್ತಲೆ ಕಡಿಮೆಯಿರುವ, ಬೇಗ ಮುಗಿದುಹೋಗದ ಸರಣಿಗಳಿದ್ದರೆ ತಿಳಿಸಿ. ಪುಸ್ತಕದ ಹೆಸರಿನ ಜೊತೆಗೆ, ಯಾವ ಸಂಪುಟದಲ್ಲಿ ಏನು ಬರುತ್ತದೆ ಎಂಬ ಎಚ್ಚರಿಕೆಯನ್ನೂ ಕೊಟ್ಟರೆ ಬಹಳ ಉಪಕಾರ.

ಗ್ರಂಥಾಲಯದಾಕೆ:

ನಾನು ಶಾಲೆಯೊಂದರ ಗ್ರಂಥಾಲಯವನ್ನು ನೋಡಿಕೊಳ್ಳುವವಳು, ಈ ಬಗೆಯ ಮಕ್ಕಳನ್ನು ಸಾಕಷ್ಟು ಕಂಡಿದ್ದೇನೆ. ಪುಸ್ತಕದ ಹಿಂಬದಿಯಲ್ಲಿ ಮುದ್ರಿಸಿರುವ ವಯಸ್ಸಿನ ಅಂಕಿಯನ್ನು ನೋಡುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ: ಈ ಸರಣಿಯಲ್ಲಿ ಮಕ್ಕಳು ಬೆಳೆಯುತ್ತಾರೆಯೇ, ಇಲ್ಲವೇ? ಪಾತ್ರಗಳು ಬೆಳೆಯುವ ಸರಣಿಗಳಲ್ಲಿ ಕಥೆಯೂ ಅವರೊಂದಿಗೆ ಬೆಳೆಯುತ್ತದೆ, ಅಂದರೆ ಲೇಖಕರು ಓದುಗರಿಗೂ ವರ್ಷಕ್ಕೊಂದು ವರ್ಷ ಕೂಡುತ್ತಿದೆ ಎಂದುಕೊಂಡೇ ಬರೆದಿರುತ್ತಾರೆ. ಹ್ಯಾರಿ ಮೊದಲ ಪುಸ್ತಕದಲ್ಲಿ ಹನ್ನೊಂದರವನು. 1997ರಿಂದ 2007ರವರೆಗೆ ಏಳು ಪುಸ್ತಕಗಳು ಬಂದವು, ಮೊದಲ ಓದುಗರು ಅಷ್ಟೂ ವರ್ಷ ಕಾಯುತ್ತಾ ತಾವೂ ದೊಡ್ಡವರಾದರು. ಈಗ ಏಳೂ ಒಟ್ಟಿಗೆ ಕಪಾಟಿನಲ್ಲಿವೆ. ವೇಗವಾಗಿ ಓದುವ ಮಗು ಹನ್ನೊಂದರ ಕಥೆಯಿಂದ ಹದಿನೇಳರ ಕಥೆಗೆ ಒಂದೇ ಬೇಸಿಗೆಯಲ್ಲಿ ತಲುಪಿಬಿಡುತ್ತದೆ. ನೀವು ನಾಲ್ಕರ ಹೊಸ್ತಿಲಲ್ಲಿ ತಡೆದದ್ದು ಸರಿಯಾದ ಜಾಗದಲ್ಲೇ. ಆ ಪುಸ್ತಕದ ಕೊನೆಯಲ್ಲಿ ಬರುವ ಸಾವಿನಿಂದ ಮುಂದಕ್ಕೆ ಸರಣಿಯ ಬಣ್ಣವೇ ಬದಲಾಗುತ್ತದೆ.

ಪಾತ್ರಗಳು ಬೆಳೆಯದ ಸರಣಿಗಳಲ್ಲಿ ಈ ಭಯವಿಲ್ಲ. ಎನಿಡ್ ಬ್ಲೈಟನ್ ಅವರ 'ಫೇಮಸ್ ಫೈವ್' 1942ರಿಂದ 1963ರವರೆಗೆ ಇಪ್ಪತ್ತೊಂದು ಪುಸ್ತಕಗಳಾಗಿ ಬಂದಿತು. ರಜೆಯ ಮೇಲೆ ರಜೆ ಕಳೆದರೂ ಆ ಮಕ್ಕಳು ಮಕ್ಕಳಾಗಿಯೇ ಉಳಿದರು. ಟಿಮ್ಮಿ ಎಂಬ ನಾಯಿಯೂ ಇಪ್ಪತ್ತೊಂದರಲ್ಲೂ ಕ್ಷೇಮವಾಗಿದೆ, ಈ ವಿಷಯವನ್ನು ಮಗಳಿಗೆ ಧೈರ್ಯವಾಗಿ ಹೇಳಬಹುದು. ಆದರೆ ನಿಮ್ಮ ಮಗಳಿಗೆ ಬೇಕಾದ ಭಾಷೆಯ ಸವಾಲು ಅಲ್ಲಿಲ್ಲ. ಸುರಂಗ, ಕಳ್ಳಸಾಗಣೆ, ದ್ವೀಪ ಇವು ಮತ್ತೆ ಮತ್ತೆ ಬರುತ್ತವೆ. ಅಡುಗೆ, ಪಾತ್ರೆ ತೊಳೆಯುವುದೆಲ್ಲ ಆ್ಯನ್ ಎಂಬ ಹುಡುಗಿಯ ಪಾಲಿಗೇ ಬರುವುದನ್ನು ಅವಳು ಗಮನಿಸಿ ಕೇಳಿದರೆ ಆ ಮಾತುಕತೆಯೇ ಒಂದು ಒಳ್ಳೆಯ ಪಾಠ.

ಓದು ಮುಂದಿದ್ದು ಮನಸ್ಸು ಎಳೆಯದಾಗಿರುವ ಮಕ್ಕಳಿಗೆ ನಾನು ಮೊದಲು ಕೈಗಿಡುವುದು ಹಳೆಯ ಸರಣಿಗಳನ್ನು. ಆಗಿನವರು ಮಕ್ಕಳಿಗೆಂದು ಬರೆಯುವಾಗ ವಾಕ್ಯವನ್ನು ಕತ್ತರಿಸಿ ಸಣ್ಣದು ಮಾಡುತ್ತಿರಲಿಲ್ಲ, ಅದೇ ಹೊತ್ತಿಗೆ ಮಕ್ಕಳ ಮುಂದೆ ಯಾವ ವಿಷಯವನ್ನು ಎತ್ತಬೇಕು ಎಂಬುದರಲ್ಲಿ ಬಹಳ ಹಿಡಿತದಲ್ಲಿದ್ದರು. ಆರ್ಥರ್ ರಾನ್ಸಮ್ ಅವರ 'ಸ್ವಾಲೋಸ್ ಅಂಡ್ ಅಮೆಝಾನ್ಸ್' ಇದಕ್ಕೆ ತಕ್ಕ ನಿದರ್ಶನ. 1930ರಿಂದ 1947ರವರೆಗೆ ಹನ್ನೆರಡು ದಪ್ಪ ಪುಸ್ತಕಗಳು. ಮೊದಲ ಪುಟದಲ್ಲಿಯೇ ಏಳು ವರ್ಷದ ರೋಜರ್ ಹೊಲದ ಏರಿನಲ್ಲಿ ನೇರವಾಗಿ ಓಡದೆ ಎಡಕ್ಕೂ ಬಲಕ್ಕೂ ಅಂಕುಡೊಂಕಾಗಿ ಓಡುತ್ತಾ ತಾಯಿಯ ಬಳಿಗೆ ಬರುತ್ತಾನೆ. ಅವನು ಆ ಕ್ಷಣಕ್ಕೆ ಹಾಯಿಹಡಗು, ಎದುರುಗಾಳಿ ಬೀಸುತ್ತಿದೆ, ಎದುರುಗಾಳಿಯಲ್ಲಿ ಹಾಯಿಹಡಗು ನೇರವಾಗಿ ಸಾಗಲಾರದು! ಈ ಪುಟವನ್ನು ಓದಿ ಯಾವ ಮಗುವಿನ ಮುಖ ಅರಳುತ್ತದೆಯೋ ಆ ಮಗುವಿಗೆ ಹನ್ನೆರಡೂ ಪುಸ್ತಕಗಳನ್ನು ತಂದುಕೊಡಬಹುದು. ಖಳನಾಯಕರು ಹೆಚ್ಚಿಲ್ಲ, ವೇಗವೂ ಕಡಿಮೆ. ದೋಣಿ ನಡೆಸುವುದು, ಡೇರೆ ಹಾಕುವುದು, ನಕ್ಷೆ ಬರೆಯುವುದು ಇವುಗಳ ವಿವರವೇ ಕಥೆ. 1937ರಲ್ಲಿ ಬಂದ ಏಳನೆಯ ಪುಸ್ತಕದಲ್ಲಿ ಮಾತ್ರ ಮಕ್ಕಳಿರುವ ದೋಣಿ ಮಂಜಿನಲ್ಲಿ ಲಂಗರು ಕಳೆದುಕೊಂಡು ರಾತ್ರಿಯೆಲ್ಲ ತೆರೆದ ಸಮುದ್ರದಲ್ಲಿ ಸಾಗುತ್ತದೆ. ಎದೆ ಬಡಿತ ಹೆಚ್ಚಿಸುವ ಪುಸ್ತಕ ಅದು, ಆದರೆ ಎಲ್ಲರೂ ಉಳಿಯುತ್ತಾರೆ. 'ಮಿಸ್ಸೀ ಲೀ' ಎಂಬ ಸಂಪುಟದಲ್ಲಿ ಚೀನೀಯರ ಚಿತ್ರಣ ಇಂದಿನ ಕಣ್ಣಿಗೆ ಒಪ್ಪುವಂಥದ್ದಲ್ಲ, ಅದೊಂದನ್ನು ಬಿಟ್ಟರೂ ಸರಣಿಗೆ ಕೊರತೆಯಾಗದು.

ಲಾರಾ ಇಂಗಲ್ಸ್ ವೈಲ್ಡರ್ ಅವರ 'ಲಿಟಲ್ ಹೌಸ್' ಸರಣಿಯನ್ನೂ ಸೂಚಿಸುತ್ತೇನೆ, ಆದರೆ ನಿಮ್ಮ ಮಗಳ ವಿಷಯದಲ್ಲಿ ಒಂದು ಎಚ್ಚರಿಕೆಯೊಂದಿಗೆ. ಅಲ್ಲಿ ಜಾಕ್ ಎಂಬ ನಾಯಿಯಿದೆ. 1935ರ ಪುಸ್ತಕದಲ್ಲಿ ಹೊಳೆ ದಾಟುವಾಗ ಅದು ನೀರಿನಲ್ಲಿ ಕೊಚ್ಚಿಹೋಯಿತೆಂದು ಎಲ್ಲರೂ ಕೊರಗುತ್ತಿರುವಾಗ ಮರಳಿ ಬರುತ್ತದೆ. 1939ರ 'ಬೈ ದ ಶೋರ್ಸ್ ಆಫ್ ಸಿಲ್ವರ್ ಲೇಕ್'ನ ಆರಂಭದಲ್ಲಿ ಮುಪ್ಪಿನಿಂದ ಸಾಯುತ್ತದೆ. ಕೊನೆಯ ಅಧ್ಯಾಯ ತಿರುವಿ ನೋಡುವ ಮಗುವಿಗೆ ಅದು ಆರಂಭದಲ್ಲೇ ಎದುರಾಗುವುದರಿಂದ ಮೊದಲೇ ತಿಳಿಸಿಡುವುದು ಒಳಿತು. ಅಕ್ಕ ಮೇರಿ ಕಣ್ಣು ಕಳೆದುಕೊಂಡಿರುವುದೂ ಅದೇ ಪುಸ್ತಕದಲ್ಲಿ ತಿಳಿಯುತ್ತದೆ. ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ: ಅಮೆರಿಕದ ಮೂಲನಿವಾಸಿಗಳ ಬಗ್ಗೆ ಆ ಪುಸ್ತಕಗಳಲ್ಲಿರುವ ಮಾತುಗಳು. ಆ ಕಾರಣಕ್ಕಾಗಿಯೇ ಅಮೆರಿಕದ ಗ್ರಂಥಾಲಯ ಸಂಘದ ಮಕ್ಕಳ ವಿಭಾಗವು ಅವರ ಹೆಸರಿನಲ್ಲಿದ್ದ ಪ್ರಶಸ್ತಿಯ ಹೆಸರನ್ನು 2018ರಲ್ಲಿ ಬದಲಿಸಿತು. ಇವನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನಿರಬೇಡಿ, ಜೊತೆಯಲ್ಲಿ ಕುಳಿತು ಓದಿ.

ನಡುಪುಟ:

ಗ್ರಂಥಾಲಯದಾಕೆ ಅವರು ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ಆದರೂ ಒಂದು ಭಿನ್ನಾಭಿಪ್ರಾಯವಿದೆ. ಎಳೆಯ ಮನಸ್ಸು ಎಂದು ನಾವು ಕರೆಯುವುದು ಎಷ್ಟೋ ಸಲ ಅನಿರೀಕ್ಷಿತದ ಭಯ ಮಾತ್ರ. ನಿಮ್ಮ ಮಗಳು ಕೊನೆಯ ಅಧ್ಯಾಯವನ್ನು ಮೊದಲೇ ತಿರುವಿ ನೋಡುತ್ತಾಳೆ ಎಂದಿರಿ. ದುಃಖವನ್ನು ಅವಳು ದೂರವಿಡುತ್ತಿಲ್ಲ, ಅದು ಯಾವಾಗ ಬರುತ್ತದೆಂದು ತಿಳಿದುಕೊಳ್ಳಲು ಬಯಸುತ್ತಿದ್ದಾಳೆ ಎಂದೇ ನನಗೆ ತೋರುತ್ತದೆ. ಹಾಗಿರುವಾಗ ಎಲ್ಲವನ್ನೂ ಎತ್ತಿಡುವುದಕ್ಕಿಂತ ಏನು ಬರಲಿದೆ ಎಂದು ಹೇಳಿ ಕೊಡುವುದು ಮೇಲು.

ತಮಾಷೆ ಬೆರೆತಿರುವ ಸರಣಿಗಳು ಇದಕ್ಕೆ ಒಳ್ಳೆಯ ಸೇತುವೆ. ರಿಕ್ ರಿಯೋರ್ಡನ್ ಅವರ 'ಪರ್ಸಿ ಜಾಕ್ಸನ್' ಮೊದಲ ಸರಣಿಯಲ್ಲಿ ಐದು ಪುಸ್ತಕಗಳಿವೆ, 2005ರಿಂದ 2009ರವರೆಗೆ ಬಂದವು. ಇಲ್ಲಿಯೂ ಹುಡುಗ ಬೆಳೆಯುತ್ತಾನೆ, ಐದನೆಯದರಲ್ಲಿ ಯುದ್ಧವೇ ನಡೆಯುತ್ತದೆ. ಆದರೆ ಕಥೆ ಹೇಳುವವನು ಪರ್ಸಿಯೇ ಆಗಿರುವುದರಿಂದ, ಎಂಥ ರಾಕ್ಷಸ ಎದುರು ನಿಂತಿದ್ದರೂ ಅವನ ಮಾತಿನ ಚೇಷ್ಟೆ ನಿಲ್ಲುವುದಿಲ್ಲ, ಮಗುವಿಗೆ ಉಸಿರಾಡಲು ಜಾಗವಿರುತ್ತದೆ. ಓದು ಕಷ್ಟವಾಗುವ, ಒಂದೆಡೆ ಕೂರಲಾಗದ ಹುಡುಗನನ್ನೇ ನಾಯಕನನ್ನಾಗಿ ಮಾಡಿರುವುದೂ ನನಗೆ ಇಷ್ಟವಾದ ಅಂಶ. ಕಥೆಗೆ ಆಧಾರವಾಗಿರುವ ಗ್ರೀಕ್ ಪುರಾಣದ ರುಚಿ ಹತ್ತಿದರೆ ಮುಂದೆ ಮೂಲ ಕಥೆಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ಲೆಮನಿ ಸ್ನಿಕೆಟ್ ಎಂಬ ಹೆಸರಿನಲ್ಲಿ ಬಂದ 'ಎ ಸೀರೀಸ್ ಆಫ್ ಅನ್‌ಫಾರ್ಚುನೇಟ್ ಈವೆಂಟ್ಸ್' ಹದಿಮೂರು ಪುಸ್ತಕಗಳ ಸರಣಿ, 1999ರಿಂದ 2006ರವರೆಗಿನದು. ಇಲ್ಲಿ ನಿರೂಪಕನೇ ಓದುಗರಿಗೆ, ಪುಸ್ತಕವನ್ನು ಕೆಳಗಿಡಿ, ಮುಂದೆ ಸುಖವಿಲ್ಲ ಎಂದು ಮತ್ತೆ ಮತ್ತೆ ಎಚ್ಚರಿಸುತ್ತಾನೆ. ಕಷ್ಟದ ಪದ ಬಂದಾಗ ನಿಂತು, ವ್ಯಂಗ್ಯ ಬೆರೆಸಿ ಅದರ ಅರ್ಥವನ್ನೂ ಹೇಳುತ್ತಾನೆ. ಪದಗಳ ಹಸಿವಿರುವ ಮಕ್ಕಳಿಗೆ ಅದೊಂದು ಹಬ್ಬ.

ಇನ್ನೊಂದು ಮಾತು. ಕೆಲವು ಶಾಲೆಗಳು ಲೆಕ್ಸೈಲ್‌ನಂಥ ಅಳತೆಗಳನ್ನು ನೋಡಿ ಪುಸ್ತಕ ಆರಿಸಲು ಹೇಳುತ್ತವೆ. ಅವು ಅಳೆಯುವುದು ವಾಕ್ಯಗಳ ಉದ್ದವನ್ನು, ಪದಗಳು ಎಷ್ಟು ಬಳಕೆಯಲ್ಲಿವೆ ಎಂಬುದನ್ನು. ವಿಷಯ ಅದರ ಲೆಕ್ಕಕ್ಕೇ ಬರುವುದಿಲ್ಲ. ಆ ಅಳತೆಯಲ್ಲಿ ಸ್ಟೈನ್‌ಬೆಕ್ ಅವರ 'ದ ಗ್ರೇಪ್ಸ್ ಆಫ್ ರಾತ್' ಕಾದಂಬರಿಗಿಂತ ಚಿತ್ರ ತುಂಬಿದ 'ಡೈರಿ ಆಫ್ ಎ ವಿಂಪಿ ಕಿಡ್' ಕಠಿಣವೆಂದು ಬರುತ್ತದೆ! ಯಾರಾದರೂ ಅಂಕಿ ತೋರಿಸಿ ಒತ್ತಾಯಿಸಿದರೆ ನಕ್ಕು ಮುಂದೆ ಹೋಗಿ.

ಗ್ರಂಥಾಲಯದಾಕೆ:

ನಡುಪುಟ ಅವರೇ, ಮೊದಲೇ ಹೇಳಿ ಕೊಡಬೇಕೆಂಬ ನಿಮ್ಮ ಮಾತು ನನಗೂ ಒಪ್ಪಿಗೆ. ಆದರೆ ಸ್ನಿಕೆಟ್ ಸರಣಿಯ ಮೊದಲ ಅಧ್ಯಾಯದಲ್ಲಿಯೇ ಮೂವರು ಮಕ್ಕಳ ತಂದೆತಾಯಿ ಬೆಂಕಿ ಅನಾಹುತದಲ್ಲಿ ತೀರಿಕೊಳ್ಳುತ್ತಾರೆ ಎಂಬುದನ್ನು ನೀವು ಬರೆಯಲಿಲ್ಲ. ವ್ಯಂಗ್ಯವನ್ನು ವ್ಯಂಗ್ಯವೆಂದು ಹಿಡಿಯುವ ಮಗುವಿಗೆ ಆ ಪುಸ್ತಕಗಳು ನಗೆ ತರಿಸುತ್ತವೆ. ಹಿಡಿಯಲಾಗದ ಮಗುವಿಗೆ ಬರೀ ಸಂಕಟ. ಒಂಬತ್ತರಲ್ಲಿ ಅದು ಎರಡೂ ಕಡೆ ವಾಲಬಹುದು, ಮೊದಲ ಎರಡು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ ಹೇಳಿ ಮುಖ ನೋಡಿ ತೀರ್ಮಾನಿಸಿ.

ಹಿಂದಿನ ಉತ್ತರದಲ್ಲಿ ಬಿಟ್ಟುಹೋದ ಒಂದನ್ನು ಇಲ್ಲಿ ಸೇರಿಸುತ್ತೇನೆ: ಫಿನ್‌ಲ್ಯಾಂಡಿನ ಲೇಖಕಿ ಟೂವೆ ಯಾನ್ಸನ್ ಸ್ವೀಡಿಷ್ ಭಾಷೆಯಲ್ಲಿ ಬರೆದ ಮೂಮಿನ್ ಪುಸ್ತಕಗಳು. 1945ರಿಂದ 1970ರವರೆಗೆ ಒಂಬತ್ತು. ದುಂಡುಮೈಯ ಕಾಲ್ಪನಿಕ ಜೀವಿಗಳಾದ ಮೂಮಿನ್‌ಗಳನ್ನು ಚಿತ್ರದಲ್ಲಿ ನೋಡಿದವರು ಪುಟ್ಟ ಮಕ್ಕಳ ಪುಸ್ತಕವೆಂದು ತಿಳಿದು ಪಕ್ಕಕ್ಕಿಡುತ್ತಾರೆ. ಧೂಮಕೇತು ಬರುತ್ತದೆ, ಪ್ರವಾಹ ಬರುತ್ತದೆ, ಆದರೆ ಯಾರೇ ಮನೆ ಬಾಗಿಲಿಗೆ ಬಂದರೂ ಅವರಿಗೊಂದು ಹಾಸಿಗೆ ಸಿಕ್ಕೇ ಸಿಗುತ್ತದೆ. ಒಂಟಿತನ, ಮುನಿಸು, ತನ್ನನ್ನು ಯಾರೂ ಗಮನಿಸುವುದಿಲ್ಲವೆಂಬ ಅಳಲು ಇವನ್ನು ಇಷ್ಟು ಮೆಲುದನಿಯಲ್ಲಿ ಬರೆದ ಮತ್ತೊಂದು ಮಕ್ಕಳ ಸರಣಿಯನ್ನು ನಾನು ಓದಿಲ್ಲ. 1957ರ ಚಳಿಗಾಲದ ಪುಸ್ತಕದಲ್ಲಿ ಅಳಿಲೊಂದು ಚಳಿಗೆ ಸೆಟೆದುಹೋಗುತ್ತದೆ, ಅದನ್ನು ಮಾತ್ರ ಮೊದಲೇ ಹೇಳಿಡಿ. ಕೊನೆಯ ಪುಸ್ತಕದಲ್ಲಿ ಮೂಮಿನ್ ಕುಟುಂಬವೇ ಕಾಣಿಸಿಕೊಳ್ಳುವುದಿಲ್ಲ, ಬಂದವರು ಖಾಲಿ ಮನೆಯಲ್ಲಿ ಅವರಿಗಾಗಿ ಕಾಯುತ್ತಾರೆ; ಅದನ್ನು ಎರಡು ಮೂರು ವರ್ಷ ತಡೆದು ಕೊಟ್ಟರೆ ನಷ್ಟವೇನಿಲ್ಲ.

ಹಳೆಯ ಓದುಗ:

ಮಗು ಕನ್ನಡವನ್ನೂ ಸರಾಗವಾಗಿ ಓದುತ್ತದೆ ಎಂದು ತಾಯಿಯವರು ಬರೆದಿದ್ದಾರೆ, ಆದರೆ ಮೇಲಿನ ಸಲಹೆಗಳೆಲ್ಲ ಇಂಗ್ಲಿಷಿನವೇ ಆದವು. ಕನ್ನಡದಲ್ಲಿ ಒಂದೇ ಪಾತ್ರವರ್ಗ ಹತ್ತಾರು ಪುಸ್ತಕಗಳಲ್ಲಿ ಮುಂದುವರಿಯುವ ಮಕ್ಕಳ ಕಾದಂಬರಿ ಸರಣಿ ವಿರಳ ಎಂಬುದನ್ನು ಒಪ್ಪಿಕೊಳ್ಳೋಣ. ಆದರೆ ಸರಣಿಯ ಸೆಳೆತ ಪಾತ್ರಗಳಿಂದ ಮಾತ್ರ ಹುಟ್ಟುವುದಿಲ್ಲ, ಹೇಳುವವರ ದನಿಯಿಂದಲೂ ಹುಟ್ಟುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಮಿಲೇನಿಯಂ' ಮಾಲಿಕೆಯನ್ನು ಕೊಟ್ಟು ನೋಡಿ. 'ಪೆಸಿಫಿಕ್ ದ್ವೀಪಗಳು' ಇಂಥ ಮಗುವಿಗೆ ಒಳ್ಳೆಯ ಆರಂಭ. ಪಾಠ ಹೇಳುವ ಧಾಟಿಯೇ ಇಲ್ಲದೆ, ಎದುರು ಕುಳಿತು ವಿಚಿತ್ರ ಸಂಗತಿಯೊಂದನ್ನು ಹಂಚಿಕೊಳ್ಳುವ ಹಾಗೆ ಬರೆದಿದ್ದಾರೆ. ಅದೇ ಮಾಲಿಕೆಯ 'ಮಹಾಯುದ್ಧ' ಸಂಪುಟಗಳನ್ನು ಈಗ ಬೇಡವೆನ್ನುತ್ತೇನೆ. ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ನಾಲ್ಕು ಭಾಗಗಳಲ್ಲಿದೆ. ಅದನ್ನು ಓದಲು ಹತ್ತಿದ ಹುಡುಗರು ಊಟಕ್ಕೆ ಕರೆದರೂ ಏಳುವುದಿಲ್ಲ, ಆದರೆ ಅಲ್ಲಿ ನರಭಕ್ಷಕಗಳು, ರಕ್ತ, ಸಾವು ಎಲ್ಲವೂ ನೇರವಾಗಿಯೇ ಬರುತ್ತವೆ. ನಾಯಿಯ ಕ್ಷೇಮ ವಿಚಾರಿಸುವ ಮಗು ಹನ್ನೆರಡರವರೆಗೆ ಕಾಯಲಿ.

ಪತ್ತೇದಾರಿ ಕಥೆ ಇಷ್ಟವಾದರೆ ಸತ್ಯಜಿತ್ ರಾಯ್ ಅವರ ಫೆಲುದಾ ಇದ್ದಾನೆ. 1965ರಲ್ಲಿ 'ಸಂದೇಶ್' ಎಂಬ ಮಕ್ಕಳ ಪತ್ರಿಕೆಯಲ್ಲಿ ಆರಂಭವಾದ ಈ ಕಥೆಗಳನ್ನು ಹೇಳುವವನು ಫೆಲುದಾನ ಚಿಕ್ಕ ವಯಸ್ಸಿನ ಸೋದರ ಸಂಬಂಧಿ ತೋಪ್ಶೆ. ಕೊಲೆಗಳು ಬರುತ್ತವೆ, ಆದರೆ ರಾಯ್ ಅವುಗಳ ಮೇಲೆ ನಿಂತು ನೋಡುವುದಿಲ್ಲ, ಬುದ್ಧಿಯ ಆಟದ ಕಡೆಗೆ ಹೊರಳುತ್ತಾರೆ. 'ಸೋನಾರ್ ಕೆಲ್ಲಾ'ದಿಂದ ಜಟಾಯು ಎಂಬ ಹೆಸರಿನಲ್ಲಿ ಬರೆಯುವ ಕಾದಂಬರಿಕಾರರೊಬ್ಬರು ಜೊತೆಯಾಗುತ್ತಾರೆ. ಅವರು ಬಂದ ಮೇಲೆ ನಗುವಿಗೆ ಬರವಿಲ್ಲ. ಹತ್ತು ತುಂಬಿದ ಮೇಲೆ ಕೊಡಬಹುದು.

ಪುಟಗಿವಿ:

ಎಲ್ಲರಿಗೂ ವಂದನೆಗಳು. ಹಳೆಯ ಓದುಗ ಸರ್, ಕನ್ನಡದ ವಿಷಯ ಎತ್ತಿದ್ದಕ್ಕೆ ವಿಶೇಷ ಧನ್ಯವಾದ. 'ಪೆಸಿಫಿಕ್ ದ್ವೀಪಗಳು' ಮನೆಯಲ್ಲಿಯೇ ಇದೆ, ದೊಡ್ಡವರ ಪುಸ್ತಕವೆಂದು ಅವಳ ಕೈಗೆ ಕೊಟ್ಟಿರಲಿಲ್ಲ. ರಾನ್ಸಮ್ ಅವರ ಮೊದಲ ಪುಸ್ತಕವನ್ನು ತರಿಸುತ್ತಿದ್ದೇನೆ, ಮೂಮಿನ್ ಅದರ ನಂತರ. ಎಚ್ಚರಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟು ಕೊಡುವ ಆಲೋಚನೆಯಿದೆ. ಬೇಕಿದ್ದರೆ ಅವಳೇ ನೋಡಿಕೊಳ್ಳಲಿ, ಬೇಡವಾದರೆ ಬಿಡಲಿ.

ಇನ್ನೆರಡು ಸಂದೇಹಗಳು ಉಳಿದಿವೆ. 'ನಾರ್ನಿಯಾ' ಏಳು ಪುಸ್ತಕಗಳಿರುವ ಪೆಟ್ಟಿಗೆಯೊಂದನ್ನು ಬಂಧುಗಳು ಉಡುಗೊರೆ ಕೊಟ್ಟಿದ್ದಾರೆ. ಬೆನ್ನಿನ ಮೇಲಿರುವ ಅಂಕಿಗಳ ಪ್ರಕಾರ ಓದಬಾರದೆಂದು ಕೆಲವರು ಹೇಳುತ್ತಾರೆ, ಅದು ನಿಜವೇ? ಹಾಗೆಯೇ ಲೆ ಗ್ವಿನ್ ಅವರ ಮಾಂತ್ರಿಕರ ಕಥೆಗಳ ಸರಣಿ 'ಅರ್ಥ್‌ಸೀ' ಬಗ್ಗೆ ಯಾರೂ ಏನೂ ಹೇಳಲಿಲ್ಲ.

ನಡುಪುಟ:

ಅಂಕಿಗಳ ವಿಷಯ ಹೀಗಿದೆ. ಸಿ. ಎಸ್. ಲೂಯಿಸ್ ಅವರ ಏಳು ಪುಸ್ತಕಗಳು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಬಂದವು. ಮೊದಲು ಬಂದದ್ದು 'ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್'. ಈಗಿನ ಮುದ್ರಣಗಳಲ್ಲಿ ಒಂದು ಎಂಬ ಅಂಕಿ ಹೊತ್ತಿರುವ 'ದ ಮೆಜಿಶಿಯನ್ಸ್ ನೆಫ್ಯೂ' ನಿಜವಾಗಿ ಆರನೆಯದಾಗಿ, 1955ರಲ್ಲಿ ಪ್ರಕಟವಾಯಿತು. ಕಥೆಯ ಕಾಲದ ಪ್ರಕಾರ ಅದು ಎಲ್ಲಕ್ಕಿಂತ ಹಿಂದಿನದು ಎಂಬ ಕಾರಣಕ್ಕೆ ಮುಂದಕ್ಕೆ ಬಂದಿದೆ. ಲೂಯಿಸ್ ಅವರೇ 1957ರಲ್ಲಿ ಒಬ್ಬ ಬಾಲಕನಿಗೆ ಬರೆದ ಪತ್ರದಲ್ಲಿ ಕಥೆಯ ಕಾಲಕ್ರಮಕ್ಕೆ ಒಲವು ತೋರಿಸಿ, ಆದರೆ ಯಾವ ಕ್ರಮದಲ್ಲಿ ಓದಿದರೂ ಹೆಚ್ಚು ವ್ಯತ್ಯಾಸವಾಗಲಾರದು ಎಂಬರ್ಥದ ಮಾತನ್ನೂ ಸೇರಿಸಿದ್ದರು. ನನ್ನ ಮಟ್ಟಿಗೆ ಪ್ರಕಟವಾದ ಕ್ರಮವೇ ಮೇಲು. ಬಟ್ಟೆಯ ಬೀರುವಿನೊಳಗೆ ಹೊಕ್ಕ ಹುಡುಗಿ ಕೋಟುಗಳನ್ನು ಸರಿಸುತ್ತಾ ಹಿಂದಕ್ಕೆ ಹೋಗಿ, ಕಾಲಕೆಳಗೆ ಹಿಮವನ್ನೂ ಕಾಡಿನ ನಡುವೆ ಉರಿಯುವ ದೀಪದ ಕಂಬವನ್ನೂ ಕಾಣುವಾಗ ಅವಳಿಗೆಷ್ಟು ಗೊತ್ತೋ ಓದುಗರಿಗೂ ಅಷ್ಟೇ ಗೊತ್ತಿರಬೇಕು. ಆ ಕಂಬ ಅಲ್ಲಿಗೆ ಬಂದ ಕಥೆಯನ್ನು ಮೊದಲೇ ಓದಿಕೊಂಡವರಿಗೆ ಆ ಬೆರಗು ಸಿಗುವುದಿಲ್ಲ. ಏಳನೆಯದಾದ 'ದ ಲಾಸ್ಟ್ ಬ್ಯಾಟಲ್' ಮಾತ್ರ ಎರಡೂ ಕ್ರಮದಲ್ಲಿ ಕೊನೆಗೇ ಬರುತ್ತದೆ. ಅದು ಭಾರವಾದ ಪುಸ್ತಕ, ಮುಖ್ಯ ಪಾತ್ರಗಳ ಸಾವಿನ ಮೇಲೆಯೇ ನಿಂತಿದೆ. ಆರಕ್ಕೆ ನಿಲ್ಲಿಸಿದರೂ ಕಥೆಗಳು ಅರ್ಧಕ್ಕೆ ನಿಂತಂತಾಗುವುದಿಲ್ಲ.

ಗ್ರಂಥಾಲಯದಾಕೆ:

'ಅರ್ಥ್‌ಸೀ' ಬಗ್ಗೆ ನಾನು ಹೇಳುತ್ತೇನೆ. ಮೊದಲ ಮೂರು ಪುಸ್ತಕಗಳು 1968, 1971 ಮತ್ತು 1972ರಲ್ಲಿ ಬಂದವು. ನಾಲ್ಕನೆಯದಾದ 'ತೆಹಾನು' ಬಂದದ್ದು 1990ರಲ್ಲಿ. ಈ ಹದಿನೆಂಟು ವರ್ಷಗಳ ಅಂತರದಲ್ಲಿ ಲೇಖಕಿಯ ಉದ್ದೇಶವೂ ಬದಲಾಗಿತ್ತು; ನಾಲ್ಕನೆಯದರಲ್ಲಿ ಹಿಂಸೆಗೆ ಸಿಕ್ಕು ಬೆಂಕಿಯಲ್ಲಿ ಸುಟ್ಟ ಮಗುವೊಂದಿದೆ, ಅದು ದೊಡ್ಡವರಿಗೆ ಬರೆದ ಪುಸ್ತಕವೇ ಸರಿ. ಎಲ್ಲವನ್ನೂ ಒಂದೇ ಸಂಪುಟದಲ್ಲಿ ಕಟ್ಟಿದ ಮುದ್ರಣವೂ ಮಾರುಕಟ್ಟೆಯಲ್ಲಿದೆ, ಅದನ್ನು ಕೊಳ್ಳಬೇಡಿ. ಬಿಡಿಯಾಗಿ ಮೊದಲನೆಯದನ್ನಷ್ಟೇ ತನ್ನಿ, ಅದೂ ಹನ್ನೊಂದರ ಹೊತ್ತಿಗೆ. ಅದರಲ್ಲಿ ಒಟಾಕ್ ಎಂಬ ಪುಟ್ಟ ಸಾಕುಪ್ರಾಣಿ ಸಾಯುತ್ತದೆ, ನಿಮ್ಮ ಎಚ್ಚರಿಕೆಯ ಹಾಳೆಯಲ್ಲಿ ಅದನ್ನೂ ಬರೆದುಕೊಳ್ಳಿ.